ಮಾವನ ಹವಾಯಿ ಚಪ್ಪಲಿ

ಕೊಡಗಿನ ನಾಪೋಕ್ಲು ಕಡೆಯ ಸೊಸೆಯೊಬ್ಬರು ನನಗೆ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಓದುತ್ತಾ ಕೂತು ನನ್ನ ಕಾಫಿ ಆರಿಹೋಯಿತು. ಸಿಟ್ಟು ಮಾತ್ರ ಇನ್ನೂ ಆರಿಲ್ಲ.

ಸಂಗತಿ ಇಷ್ಟು. ಅತ್ತೆಗೆ 73 ವರ್ಷ. ಈ ಮಳೆಗಾಲದಲ್ಲಿ ಎರಡು ಸಲ ಬಿದ್ದರು. ಮೂಳೆ ಮುರಿಯಲಿಲ್ಲ, ಮಣಿಕಟ್ಟು ಊದಿತು. ಮಡಿಕೇರಿಯ ಫಿಸಿಯೋಥೆರಪಿಸ್ಟ್ ಒಬ್ಬರು ವ್ಯಾಯಾಮ ಹೇಳಿಕೊಟ್ಟರು. ಆದರೆ ಮೈಸೂರಿನ ನಾದಿನಿ ದಿನಾ ವಿಡಿಯೋ ಕರೆ ಮಾಡಿ, "ಅಮ್ಮನನ್ನು ಎಬ್ಬಿಸಬೇಡಿ, ಬಿದ್ದರೆ ಹೊಣೆ ಯಾರು?" ಎನ್ನುತ್ತಾರೆ. ಸೊಸೆ ಹೆದರಿ ವ್ಯಾಯಾಮ ನಿಲ್ಲಿಸಿದ್ದಾರೆ. ಎರಡು ತಿಂಗಳಿಂದ ಅತ್ತೆ ಜಗಲಿಯ ಕುರ್ಚಿ ಬಿಟ್ಟು ಎದ್ದದ್ದೇ ಕಡಿಮೆ. ನಮ್ಮ ಸುಗ್ಗಿ ಹಬ್ಬವಾದ ಹುತ್ತರಿಗೆ ಕದಿರು ಕೊಯ್ಯಲು ಗದ್ದೆಗೆ ಬಂದೇ ಬರುತ್ತೇನೆಂದು ಅವರ ಹಟ. ಯಾರ ಮಾತು ಕೇಳಲಿ ಎಂದು ಸೊಸೆಯ ಪ್ರಶ್ನೆ.

ತಂಗೀ, ಮೂರನೆಯ ಪುಟದ ಕೊನೆಯಲ್ಲಿ ನೀವು ಅವಸರದಲ್ಲಿ ಗೀಚಿ ಮುಂದೆ ಹೋದ ಒಂದು ಸಾಲಿದೆ. ಎರಡು ಸಲವೂ ಬಿದ್ದದ್ದು ಬೆಳಗಿನ ಜಾವ, ಹಿತ್ತಲಿನ ಬಚ್ಚಲಿಗೆ ಹೋಗುವಾಗ. ಕಾಲಲ್ಲಿದ್ದದ್ದು ತೀರಿಹೋದ ಮಾವನ ಹವಾಯಿ ಚಪ್ಪಲಿ. ಇಡೀ ಮನೆ ಅವರ ಕಾಲಿನ ಬಗ್ಗೆ ಜಗಳವಾಡುತ್ತಿದೆ, ಕಾಲಲ್ಲಿದ್ದದ್ದನ್ನು ಒಬ್ಬರೂ ನೋಡಿಲ್ಲ!

ನಾವು ಆಯತಪ್ಪದೆ ನಿಲ್ಲುವುದು ಮೂರರ ಬಲದಿಂದ: ಕಣ್ಣು, ಒಳಕಿವಿ, ಅಂಗಾಲು ಮತ್ತು ಕೀಲುಗಳ ಅರಿವು. ನಸುಕಿನ ಕತ್ತಲಲ್ಲಿ ಕಣ್ಣು ಕೈಕೊಟ್ಟಿತು. ವಯಸ್ಸಾದವರ ಒಳಕಿವಿ ಮೊದಲಿನಷ್ಟು ಚುರುಕಲ್ಲ. ಉಳಿದದ್ದು ಅಂಗಾಲು. ಅದಕ್ಕೂ ಎರಡು ಬೆರಳು ಉದ್ದ ಹೆಚ್ಚಾದ, ಅಡಿ ಸವೆದು ನುಣುಪಾದ ರಬ್ಬರು ತೊಡಿಸಿ ನಮ್ಮ ಮಳೆಗೆ ಪಾಚಿಗಟ್ಟಿದ ಕಲ್ಲಿನ ಮೇಲೆ ಬಿಟ್ಟರೆ ಇಪ್ಪತ್ತೈದರ ಹುಡುಗಿಯೂ ಜಾರುತ್ತಾಳೆ. ಚಪ್ಪಲಿಯ ವಿಷಯದಲ್ಲಿ ನಾನು ಹಟಮಾರಿ ಎಂದು ಹಳೆಯ ಓದುಗರಿಗೆ ಗೊತ್ತು. ಹಿಮ್ಮಡಿಗೆ ಪಟ್ಟಿಯಿಲ್ಲದ್ದು ಅರುವತ್ತು ದಾಟಿದವರ ಕಾಲಿಗಲ್ಲ.

ನಾದಿನಿಯ ಬಗ್ಗೆ ನನಗೆ ಕನಿಕರ ಹುಟ್ಟುತ್ತಿಲ್ಲ. ಕೂತೇ ಇದ್ದರೆ ತೊಡೆಯ ಸ್ನಾಯು ಸೊರಗುತ್ತದೆ, ಸೊರಗಿದ ಕಾಲಿಗೆ ನಡೆಯಲು ಭಯ, ಭಯಕ್ಕೆ ಇನ್ನಷ್ಟು ಕೂರುವುದು, ಕೊನೆಗೆ ಎದ್ದ ದಿನ ಬೀಳುವುದು. ಮೈಸೂರಿನ ಸೋಫಾದಿಂದ ಅವರು ತಾಯಿಗೆ ಕೊಡಿಸುತ್ತಿರುವುದು ಇದನ್ನೇ. ನ್ಯೂಜಿಲೆಂಡಿನ ಒಟಾಗೊದಲ್ಲಿ 1990ರ ದಶಕದಲ್ಲಿ ಮನೆಯಲ್ಲೇ ಮಾಡುವ ಒಂದು ವ್ಯಾಯಾಮ ಕ್ರಮ ರೂಪಿಸಿದರು. ವಾರಕ್ಕೆ ಮೂರು ದಿನ ಕಾಲಿನ ಬಲಕ್ಕೂ ಸಮತೋಲಕ್ಕೂ ವ್ಯಾಯಾಮ, ಜೊತೆಗೆ ನಡಿಗೆ. ಅದನ್ನು ಮಾಡಿದ ಹಿರಿಯರಲ್ಲಿ ಬೀಳುವುದು ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಾಯಿತು. ನಿಮ್ಮ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟದ್ದೂ ಅದೇ ಜಾತಿಯದು: ಅಡುಗೆಮನೆಯ ಕಟ್ಟೆ ಹಿಡಿದು ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ನಿಲ್ಲುವುದು, ಕೈಯೂರದೆ ಕುರ್ಚಿಯಿಂದ ಏಳುವುದು. ಎರಡು ತಿಂಗಳು ಬಿಟ್ಟಿದ್ದೀರಿ, ಆದ್ದರಿಂದ ಎಲ್ಲಿಂದ ಶುರುಮಾಡಬೇಕೆಂದು ಅವರನ್ನೇ ಕೇಳಿ. ಬಿಪಿ ಮಾತ್ರೆ ನುಂಗುತ್ತಾರೆಂದು ಬರೆದಿದ್ದೀರಿ. ಮಲಗಿದಾಗೊಮ್ಮೆ, ಎದ್ದು ನಿಂತಾಗೊಮ್ಮೆ ಬಿಪಿ ನೋಡಲು ಡಾಕ್ಟರಿಗೆ ಹೇಳಿ. ಎದ್ದಕೂಡಲೇ ಅದು ಇಳಿದು ತಲೆ ತಿರುಗುವುದುಂಟು.

ನಿಮ್ಮ ಯಜಮಾನರು ಪತ್ರದಲ್ಲಿ ಒಂದೇ ಸಲ ಬರುತ್ತಾರೆ, ಅದೂ ಕಮೋಡ್ ಕುರ್ಚಿ ಹೊತ್ತುಕೊಂಡು. ಹಿತ್ತಲಿಗೊಂದು ಬಲ್ಬು ಹಾಕಿಸಿ, ಬ್ಲೀಚಿಂಗ್ ಪೌಡರ್ ಎರಚಿ ಆ ಕಲ್ಲುಗಳನ್ನು ಉಜ್ಜಲು ಅವರಿಗೆ ಹೇಳಿ.

ನಿಮಗೆ ಮಾತ್ರ ಒಂದೇ ಕೆಲಸ. ಈ ವಾರವೇ ಅತ್ತೆಯನ್ನು ಅಂಗಡಿಗೆ ಕರೆದೊಯ್ದು, ಅವರೇ ತೊಟ್ಟು ನಾಲ್ಕು ಹೆಜ್ಜೆ ನಡೆದು ನೋಡಿ ಆರಿಸಿದ, ಹಿಂದೆ ಪಟ್ಟಿಯಿರುವ ಚಪ್ಪಲಿ ಕೊಡಿಸಿ. ಹಳೆಯದನ್ನು ಎಸೆಯಬೇಡಿ. ಗಂಡನ ಚಪ್ಪಲಿಯಲ್ಲಿ ಕಾಲಿಟ್ಟು ದಿನ ಶುರುಮಾಡುವವರ ಮನಸ್ಸು ನಿಮಗೆ ತಿಳಿಯದ್ದೇನಲ್ಲ; ಅದಕ್ಕೇ ಆ ಸಾಲನ್ನು ಅಷ್ಟು ಅವಸರದಲ್ಲಿ ಬರೆದಿರಿ. ತೊಳೆದು, ಮಾವ ಬಿಡುತ್ತಿದ್ದ ಜಾಗದಲ್ಲೇ ಇಡಿ. ಹುತ್ತರಿಯ ರಾತ್ರಿ ಗದ್ದೆಯ ಬದುವಿನ ಮೇಲೆ ಒಬ್ಬರು ಮೊಣಕೈ ಹಿಡಿದರೆ ಸಾಕು ಎನ್ನುವಷ್ಟು ಕಾಲು ಕುದುರಿದೆಯೇ ಎಂಬುದನ್ನು ಫಿಸಿಯೋಥೆರಪಿಸ್ಟ್ ನೋಡಿ ಹೇಳಲಿ.

ನಾದಿನಿಯ ಕರೆ ಬರುವ ಹೊತ್ತಿಗೆ ಅತ್ತೆ ಅಡುಗೆಮನೆಯ ಕಟ್ಟೆ ಹಿಡಿದು ನಿಂತಿರಲಿ. ಫೋನನ್ನು ನೀವು ಹಿಡಿದುಕೊಳ್ಳಿ, ಪಾದ ಕಾಣುವಂತೆ.