ಟೂರಿಂಗ್ ಬೂಟು: 130 ಫ್ಲೆಕ್ಸ್ ಬೇಕೇ, 100 ಸಾಕೇ?

ತಮ್ಮ ತೂಕ 65 ಕಿಲೋ ಎಂದೂ, ಸ್ಕೀ ಟೂರಿಂಗ್‌ನಲ್ಲಿ, ಅಂದರೆ ಸ್ಕೀ ಕಟ್ಟಿಕೊಂಡೇ ಹಿಮದ ಬೆಟ್ಟ ಹತ್ತಿ ಇಳಿಯುವ ಆಟದಲ್ಲಿ, ದಿನವಿಡೀ ಏರಿ ಹಗುರವಾದ ಸ್ಕೀಗಳಲ್ಲಿ ಮೃದು ಹಿಮದ ಮೇಲೆ ಇಳಿಯುವ ಉದ್ದೇಶವೆಂದೂ ತಿಳಿಸಿ, 130 ಫ್ಲೆಕ್ಸ್‌ನ (ಮುಂದಕ್ಕೆ ಬಾಗಲು ಬೂಟು ಎಷ್ಟು ಪೆಡಸು ಎಂದು ಹೇಳುವ ಸಂಖ್ಯೆ; ಹೆಚ್ಚಿದಷ್ಟೂ ಪೆಡಸು) ಬೂಟು ಕೊಳ್ಳಬೇಕೇ ಅಥವಾ 100ರದ್ದು ಸಾಕೇ ಎಂದು ಕೇಳಿದ್ದೀರಿ. 100ರಿಂದ 110ರ ಆಸುಪಾಸಿನದು ಧಾರಾಳವಾಗಿ ಸಾಕು ಎಂಬುದು ನನ್ನ ಅಭಿಪ್ರಾಯ.

ಈ ಸಂಖ್ಯೆಗೆ ಎಲ್ಲ ತಯಾರಕರೂ ಒಪ್ಪಿದ ಅಳತೆಗೋಲಿಲ್ಲದ ಕಾರಣ ಒಬ್ಬರ 120 ಇನ್ನೊಬ್ಬರ 100ರಷ್ಟೇ ಪೆಡಸಾಗಿರಬಹುದು. ಮೇಲಾಗಿ ಚಳಿಗೆ ಪ್ಲಾಸ್ಟಿಕ್ ಇನ್ನಷ್ಟು ಬಿಗಿಯುವುದರಿಂದ, ಅಂಗಡಿಯ ಬೆಚ್ಚನೆಯ ಕೋಣೆಯಲ್ಲಿ ಸಲೀಸಾಗಿ ಬಾಗಿದ ಬೂಟು ಬೆಟ್ಟದಲ್ಲಿ ಅಷ್ಟು ಬಾಗುವುದಿಲ್ಲ. ಬಕಲ್‌ಗಳನ್ನು ಬಿಗಿದು ಮೊಣಕಾಲನ್ನು ಮುಂದಕ್ಕೆ ಒತ್ತಿ ನೋಡಿ: ಪ್ರತಿರೋಧ ಕ್ರಮೇಣ ಏರಬೇಕೇ ಹೊರತು ಗೋಡೆಗೆ ತಾಗಿದಂತೆ ತಟ್ಟನೆ ನಿಲ್ಲಬಾರದು. ಭಾರವಾದ ಅಗಲ ಸ್ಕೀಗಳನ್ನು ಗಟ್ಟಿ ಹಿಮದಲ್ಲಿ ವೇಗವಾಗಿ ತಿರುಗಿಸುವವರಿಗೆ, ದೇಹತೂಕ ಹೆಚ್ಚಿರುವವರಿಗೆ 130ರ ಬೂಟು ನಿಜಕ್ಕೂ ನೆರವಾಗುತ್ತದೆ. ತಮಗೆ ಅದು ಬಹುಪಾಲು ಹೊರೆಯೇ. (ದೊಡ್ಡ ಸಂಖ್ಯೆಯ ಮೋಹ ನನಗೂ ಒಮ್ಮೆ ಇತ್ತು; ಮೊಣಕಾಲ ಕೆಳಗಿನ ಎಲುಬು ಅದನ್ನು ಬಿಡಿಸಿತು.)

ಏರುವಾಗ ಲೆಕ್ಕಕ್ಕೆ ಬರುವುದು ತೂಕ ಮತ್ತು ನಡಿಗೆಯ ಸ್ಥಿತಿಯಲ್ಲಿ (ನಡೆಯಲೆಂದು ಬೂಟಿನ ಮೇಲ್ಭಾಗವನ್ನು ಸಡಿಲಿಸಿದಾಗ) ಕಣಕಾಲು ಹಿಂದೆ ಮುಂದೆ ಆಡುವ ಕೋನ. ಒಂದು ಬೂಟು 1.2 ಕಿಲೋ ಸುತ್ತಮುತ್ತ ಇದ್ದು, ಆ ಕೋನ 60 ಡಿಗ್ರಿಯಷ್ಟಿದ್ದರೆ ತಮ್ಮ ಉದ್ದೇಶಕ್ಕೆ ಒಪ್ಪುತ್ತದೆ.

ಕೊಳ್ಳುವ ಮೊದಲು ಒಳಬೂಟನ್ನು ತೆಗೆದು, ಬರೀ ಕವಚದೊಳಗೆ ಕಾಲಿಟ್ಟು, ಬೆರಳುಗಳನ್ನು ಮುಂದಕ್ಕೆ ತಾಗಿಸಿ. ಹಿಮ್ಮಡಿಯ ಹಿಂದೆ ಒಂದೂವರೆ ಸೆಂಟಿಮೀಟರ್‌ನಷ್ಟು ಜಾಗ ಉಳಿಯಬೇಕು. ಹಿಮ್ಮಡಿ ಮೇಲೇಳುವ ಬೂಟನ್ನು, ಅದರ ಫ್ಲೆಕ್ಸ್ ಎಷ್ಟೇ ಇರಲಿ, ಅಲ್ಲಿಯೇ ಬಿಟ್ಟು ಬನ್ನಿ.