ತಂಗಿಯ ಮಗುವಿಗೆ ಏಪರ್ಟ್ ಸಿಂಡ್ರೋಮ್ ಇದೆಯಂತೆ. ಗ್ರಹಣದ ದಿನ ಹೊರಗೆ ಬಂದಿದ್ದಕ್ಕೇ ಹೀಗಾಯ್ತಾ?

ಖಂಡಿತ ಇಲ್ಲ. ಮೊದಲು ತಂಗಿಗೆ ಫೋನ್ ಮಾಡಿ ಇದನ್ನು ಹೇಳಿ.

ನಾನು ಶಿರಸಿಯವಳು. ನನ್ನ ಮಗಳಿಗೂ ಏಪರ್ಟ್ ಇದೆ, ಅಂದರೆ ತಲೆಬುರುಡೆಯ ಮೂಳೆಗಳು ಬೇಗನೇ ಬೆಸೆದು, ಕೈಕಾಲಿನ ಬೆರಳುಗಳು ಕೂಡಿಕೊಂಡು ಹುಟ್ಟುವ ತೊಂದರೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ನಾನು ಏಳು ತಿಂಗಳ ಬಸುರಿ. ಕೊನೆಕೊಯ್ಲಿನ ಹೊತ್ತು. ಮೆಟ್ಟುಗತ್ತಿ ಮುಂದೆ ಕೂತು ಒಂದಿಷ್ಟು ಅಡಿಕೆ ಸುಲಿದಿದ್ದೆ. ಮಗು ಹುಟ್ಟಿದಾಗ ಕೈಕಾಲುಗಳ ಬೆರಳು ಕೂಡಿಕೊಂಡಿದ್ದವು. ಮನೆಯವರೆಲ್ಲ ಆ ಕತ್ತಿಯನ್ನೇ ನೆನೆಸಿಕೊಂಡರು. ನಾನೂ ತಿಂಗಳುಗಟ್ಟಲೆ ಹಾಗೇ ನಂಬಿ ಅತ್ತೆ. ಆಮೇಲೆ ಜೆನೆಟಿಕ್ಸ್ ಡಾಕ್ಟರು ಬಿಡಿಸಿ ಹೇಳಿದರು. ಹೊಟ್ಟೆಯೊಳಗೆ ಬೆರಳು ಬಿಡಿಯಾಗುವುದು ಸುಮಾರು ಎಂಟನೇ ವಾರದಲ್ಲೇ. ಏಳನೇ ತಿಂಗಳಲ್ಲಿ ಕತ್ತಿ ಹಿಡಿದರೆ ಬೆರಳು ಕೂಡುವುದು ಹೇಗೆ?

ಕಾರಣ ಎಫ್‌ಜಿಎಫ್‌ಆರ್‌2 ಎಂಬ ಜೀನ್‌ನಲ್ಲಿ ಆಗುವ ಸಣ್ಣ ಬದಲಾವಣೆ. ಹೆಚ್ಚಿನ ಮಕ್ಕಳಲ್ಲಿ ಅದು ಹೊಸದಾಗಿ, ಅಪ್ಪನ ವೀರ್ಯಾಣುವಿನಲ್ಲಿ ಆಗಿರುತ್ತದೆ. ಹಾಗಂತ ಅಪ್ಪನ ತಪ್ಪೂ ಅಲ್ಲ. ತಂದೆತಾಯಿಗೆ ಏಪರ್ಟ್ ಇಲ್ಲದಿದ್ದರೆ ಮುಂದಿನ ಮಗುವಿಗೆ ಬರುವ ಸಾಧ್ಯತೆ ತೀರಾ ಕಡಿಮೆ. ಆದರೆ ಈ ಮಗು ದೊಡ್ಡದಾದ ಮೇಲೆ ಅದರ ಪ್ರತಿ ಮಗುವಿಗೂ 50% ಸಾಧ್ಯತೆ ಇರುತ್ತದೆ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ಕಡೆ ಮಗುವಿಗೆ ನೀರೆರೆಯಲು ಬರುವವರು ತಲೆ ಗುಂಡಗಾಗಲಿ ಅಂತ ಒತ್ತುತ್ತಾರೆ, ಅಲ್ವಾ? ದಯವಿಟ್ಟು ಬೇಡ ಅನ್ನಿ. ಕಿವಿಯಿಂದ ಕಿವಿಗೆ ನೆತ್ತಿ ದಾಟಿ ಹೋಗುವ ಮೂಳೆಯ ಜೋಡಣೆ ಈ ಮಕ್ಕಳಲ್ಲಿ ಬೇಗನೇ ಬೆಸೆದುಬಿಟ್ಟಿರುತ್ತದೆ. ಒಳಗೆ ಮಿದುಳು ಬೆಳೆಯುತ್ತಲೇ ಇರುತ್ತದೆ. ಅದಕ್ಕೆ ಜಾಗ ಮಾಡಿಕೊಡುವುದು ಆಪರೇಷನ್ ಮಾತ್ರ, ಸಾಮಾನ್ಯವಾಗಿ ಮೊದಲ ವರ್ಷದಲ್ಲೇ. ನಮಗೆ ಮೊದಲು ನೋಡಿದ ಡಾಕ್ಟರು "ಬೆಳೀತಾ ಸರಿಹೋಗುತ್ತೆ" ಅಂದರು. ಸುಮ್ನೆ ನಾಲ್ಕು ತಿಂಗಳು ಕಳೆದೆವು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಕೊನೆಗೆ ಹನ್ನೊಂದು ತಿಂಗಳಿಗೆ ಬೆಂಗಳೂರಲ್ಲಿ ಆಯಿತು.

ಹುಬ್ಬಳ್ಳಿಯೋ ಮಣಿಪಾಲವೋ, ಮಕ್ಕಳ ನ್ಯೂರೋಸರ್ಜನ್ ಮತ್ತು ಪ್ಲಾಸ್ಟಿಕ್ ಸರ್ಜನ್ ಒಟ್ಟಿಗೆ ನೋಡುವ ಕಡೆ ಹೋಗಿ. ಕಣ್ಣು, ಕಿವಿ, ಅಂಗುಳನ್ನೂ ಪರೀಕ್ಷೆ ಮಾಡಿಸಿ. ನೆತ್ತಿ ಉಬ್ಬಿದರೆ, ಮತ್ತೆ ಮತ್ತೆ ವಾಂತಿಯಾದರೆ, ನಿದ್ದೆಯಲ್ಲಿ ಗೊರಕೆಯ ನಡುವೆ ಉಸಿರು ನಿಂತಂತಾದರೆ ಅಪಾಯಿಂಟ್‌ಮೆಂಟ್ ಅಂತ ಕಾಯಬೇಡಿ, ಅವತ್ತೇ ಹೊರಡಿ.

ಬೆರಳು ಬಿಡಿಸಲು ಮಗಳಿಗೆ ಮೂರು ಆಪರೇಷನ್ ಆದವು. ಬೆರಳು ಗಿಡ್ಡ, ಪೂರ್ತಿ ಮಡಚಲು ಬರುವುದಿಲ್ಲ. ಆದರೂ ಪೆನ್ಸಿಲ್ ಹಿಡಿದು ತನ್ನ ಹೆಸರು ಬರೆಯುತ್ತಾಳೆ. ತಂಗಿಗೆ ಮಾತಾಡಬೇಕು ಅನ್ನಿಸಿದರೆ ಇಲ್ಲೇ ಮೆಸೇಜ್ ಮಾಡಲಿ. ರಾತ್ರಿ ಮಗಳು ಮಲಗಿದ ಮೇಲೆ ನಾನು ಬಿಡುವಾಗಿರುತ್ತೇನೆ.