ಓದುಗರ ಪ್ರಶ್ನೆ: ಬೇರೆ ಬೇರೆ ಮನೆ, ಒಂದೇ ಹಾಡು

ಪ್ರಶ್ನೆ: ನಾವು ನಾಲ್ವರು ಗೆಳೆಯರು ಬೇರೆ ಬೇರೆ ಊರುಗಳಲ್ಲಿದ್ದೇವೆ. ಗಿಟಾರ್, ಕೀಬೋರ್ಡ್, ತಬಲಾ, ಜತೆಗೊಬ್ಬ ಹಾಡುಗಾರ. ವಿಡಿಯೊ ಕಾಲ್‌ನಲ್ಲಿ ಸೇರಿ ನುಡಿಸಲು ಹೋದರೆ ಅರ್ಧ ನಿಮಿಷದೊಳಗೆ ಲಯ ಎಳೆದುಹೋಗುತ್ತದೆ. ಕೀಬೋರ್ಡಿನ ದನಿಯಂತೂ ಬಂದು ಬಂದು ಮಾಯವಾಗುತ್ತದೆ. ಎಲ್ಲರ ಮನೆಯಲ್ಲೂ 100 ಎಂಬಿಪಿಎಸ್ ಇಂಟರ್ನೆಟ್ ಇದೆ. ಇನ್ನೂ ವೇಗದ ಪ್ಲ್ಯಾನ್ ಹಾಕಿಸಬೇಕೆ?

ಉತ್ತರ: ಬೇಡ. ಒಬ್ಬರ ವಾದ್ಯದ ದನಿಯನ್ನು ಕುಗ್ಗಿಸದೆ ಹಾಗೆಯೇ ಕಳಿಸಿದರೂ 1 ಎಂಬಿಪಿಎಸ್ ಸಾಕು. ನಿಮ್ಮನ್ನು ಕಾಡುತ್ತಿರುವುದು ತಡ, ಅಂದರೆ ಲೇಟೆನ್ಸಿ. ವೇಗ ಹೆಚ್ಚಿಸಿದರೆ ಅದು ಇಳಿಯುವುದಿಲ್ಲ.

ಗಾಳಿಯಲ್ಲಿ ದನಿ 1 ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ವೇದಿಕೆಯ ಎರಡು ತುದಿಗಳಲ್ಲಿ 8 ಮೀಟರ್ ಅಂತರದಲ್ಲಿ ಕೂತವರಿಗೆ ಒಬ್ಬರದೊಬ್ಬರಿಗೆ 23–24 ಮಿಲಿಸೆಕೆಂಡ್ ತಡವಾಗಿಯೇ ಕೇಳಿಸುತ್ತದೆ, ಆದರೂ ತಾಳ ನಿಲ್ಲುತ್ತದೆ. ಹೆಚ್ಚುಕಮ್ಮಿ 25–30 ಮಿಲಿಸೆಕೆಂಡ್ ಅದರ ಮೇರೆ. ವಿಡಿಯೊ ಕಾಲ್‌ನಲ್ಲಿ ಈ ತಡ 100 ದಾಟುವುದು ಸಾಮಾನ್ಯ. ತಬಲಾದ ಪೆಟ್ಟು ಗಿಟಾರಿನವರಿಗೆ ತಡವಾಗಿ ಮುಟ್ಟುತ್ತದೆ. ಅವರು ಅದಕ್ಕೆ ಸರಿಯಾಗಿ ಮೀಟಿದ್ದು ತಬಲಾದವರಿಗೆ ಇನ್ನಷ್ಟು ತಡವಾಗಿ ಕೇಳುತ್ತದೆ. ‘ಇವನು ಹಿಂದೆ ಬಿದ್ದ’ ಎಂದುಕೊಂಡು ತಬಲಾದವರು ಕಾಯುತ್ತಾರೆ, ಗಿಟಾರಿನವರೂ ಕಾಯುತ್ತಾರೆ. ಲಯ ಎಳೆಯುವುದು ಹೀಗೆ. ಇದರಲ್ಲಿ ಯಾರ ತಾಳಜ್ಞಾನದ ದೋಷವೂ ಇಲ್ಲ, ದಯವಿಟ್ಟು ಇದಕ್ಕಾಗಿ ಜಗಳವಾಡಬೇಡಿ.

ಕೀಬೋರ್ಡ್ ಮಾಯವಾಗುವುದಕ್ಕೆ ಕಾರಣ ಬೇರೆ. ಕಾಲ್ ಆ್ಯಪ್‌ಗಳು ಮಾತಿಗೆಂದು ಮಾಡಿದವು. ಒಂದೇ ಸಮ ನಿಂತ ಸ್ವರ ಅವುಗಳಿಗೆ ಫ್ಯಾನಿನ ಸದ್ದಿನಂತೆ ಕಾಣುತ್ತದೆ, ಅಳಿಸಿಬಿಡುತ್ತವೆ. ಝೂಮ್‌ನಲ್ಲಿ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಶಿಯನ್ಸ್’ ಆನ್ ಮಾಡಿದರೆ ಸ್ವರ ಉಳಿಯುತ್ತದೆ, ತಡ ಮಾತ್ರ ಹಾಗೇ ಇರುತ್ತದೆ. ಪಾಠ ಹೇಳಲು, ಒಬ್ಬರಾದ ಮೇಲೊಬ್ಬರು ನುಡಿಸಲು ಅಷ್ಟು ಸಾಕು.

ಒಟ್ಟಿಗೆ ನುಡಿಸಲೇಬೇಕೆಂದರೆ ಜಾಮ್ಯುಲಸ್ ಅಥವಾ ಸೋನೊಬಸ್ ಹಾಕಿಕೊಳ್ಳಿ. ಎರಡೂ ಉಚಿತ. ಜಾಮ್ಯುಲಸ್‌ನಲ್ಲಿ ಎಲ್ಲರೂ ಒಂದು ಸರ್ವರ್‌ಗೆ ಸೇರಬೇಕು. ನಾಲ್ವರಿಗೂ ಹತ್ತಿರವಾದದ್ದನ್ನು ಆರಿಸಿ, ಪಟ್ಟಿಯಲ್ಲಿ ಪ್ರತಿಯೊಂದರ ಎದುರಿಗೂ ಪಿಂಗ್ ಸಮಯ, ಅಂದರೆ ಅಲ್ಲಿಗೆ ಹೋಗಿ ಬರಲು ಹಿಡಿಯುವ ಹೊತ್ತು ಇರುತ್ತದೆ. ಸೋನೊಬಸ್ ನೇರವಾಗಿ ಒಬ್ಬರಿಂದೊಬ್ಬರಿಗೆ ಕಳಿಸುತ್ತದೆ. ಹಾಗಾಗಿ ನಾಲ್ವರಿದ್ದರೆ ನಿಮ್ಮ ದನಿ ಮೂರು ಸಲ ಅಪ್‌ಲೋಡ್ ಆಗುತ್ತದೆ. ಮೂರು ನಾಲ್ಕು ಜನರಿಗೆ ಸೋನೊಬಸ್, ಅದಕ್ಕಿಂತ ಹೆಚ್ಚಿದ್ದರೆ ಜಾಮ್ಯುಲಸ್ ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಆಮೇಲೆ ಹೊಂದಿಸಬೇಕಾದ್ದು ಇಷ್ಟು. ವೈಫೈ ಬಿಟ್ಟು ರೂಟರಿನಿಂದ ಕಂಪ್ಯೂಟರಿಗೆ ಕೇಬಲ್ ಎಳೆಯಿರಿ. ವೈಫೈಯಲ್ಲಿ ಸರಾಸರಿ ತಡ ಕಡಿಮೆಯೇ ಇರಬಹುದು, ಆದರೆ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಆ ಏರಿಳಿತವೇ ಚಟಪಟ ಸದ್ದಾಗಿ ಕೇಳುವುದು. ವಿಂಡೋಸ್ ಆದರೆ ಆಡಿಯೊ ಇಂಟರ್‌ಫೇಸಿನ (ಮೈಕು, ವಾದ್ಯಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಸ್ವಂತ ಎಎಸ್ಐಒ ಡ್ರೈವರ್, ಅಂದರೆ ತಡ ಕಡಿಮೆ ಮಾಡುವ ತಂತ್ರಾಂಶ ಹಾಕಿ. ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆಯಬೇಕು ಎಂಬುದು) 48,000, ಬಫರ್ (ಒಂದು ಸಲಕ್ಕೆ ಕೂಡಿಡುವ ಅಳತೆಗಳು) 128 ಇರಲಿ, ಅಂದರೆ 2.7 ಮಿಲಿಸೆಕೆಂಡ್. ಸದ್ದು ಒಡೆದರೆ ಮೊದಲು ಆ್ಯಪ್‌ನ ಜಿಟರ್ ಬಫರನ್ನು (ಇಂಟರ್ನೆಟ್ಟಿನ ಏರಿಳಿತ ತಡೆದುಕೊಳ್ಳಲು ಕೂಡಿಡುವ ದನಿ) ಒಂದೊಂದೇ ಮೆಟ್ಟಿಲು ಏರಿಸಿ, ಆಗಲೂ ನಿಲ್ಲದಿದ್ದರೆ ಬಫರನ್ನು 256 ಮಾಡಿ. ಎಲ್ಲರಿಗೂ ವೈರ್ ಇರುವ ಹೆಡ್‌ಫೋನ್ ಕಡ್ಡಾಯ, ಈ ಆ್ಯಪ್‌ಗಳು ಪ್ರತಿಧ್ವನಿ ತೆಗೆಯುವುದಿಲ್ಲ.

ಜಾಮ್ಯುಲಸ್‌ನಲ್ಲಿ ಬಹಳ ಜನ ಎಡವುವುದು ಒಂದು ಕಡೆ. ನಿಮ್ಮ ವಾದ್ಯವನ್ನು ಇಂಟರ್‌ಫೇಸಿನಿಂದ ನೇರವಾಗಿ ಕೇಳಿಕೊಳ್ಳಬೇಡಿ. ಇಂಟರ್‌ಫೇಸಿನಲ್ಲಿ ಅದಕ್ಕಿರುವ ‘ಡೈರೆಕ್ಟ್ ಮಾನಿಟರ್’ ಆಫ್ ಮಾಡಿ, ಸರ್ವರ್‌ಗೆ ಹೋಗಿ ವಾಪಸ್ ಬಂದ ನಿಮ್ಮ ದನಿಯನ್ನೇ ಕೇಳುತ್ತಾ ನುಡಿಸಿ. ಮೊದಲಿಗೆ ಬೆರಳಿಗೂ ದನಿಗೂ ಅಂಟು ಬಿಟ್ಟಂತಿರುತ್ತದೆ. ಆದರೆ ನಿಮ್ಮದೂ ಗೆಳೆಯರದೂ ಒಂದೇ ಕಡೆ ಬೆರೆತು ಬರುವುದರಿಂದ ಎಲ್ಲರೂ ಒಂದೇ ತಾಳ ಕೇಳುತ್ತೀರಿ. ನೇರವಾಗಿ ಕೇಳಿಕೊಂಡವರು ತಮಗೇ ಗೊತ್ತಿಲ್ಲದೆ ಉಳಿದವರನ್ನು ಹಿಂದಕ್ಕೆಳೆಯುತ್ತಾರೆ.

ಪ್ರಶ್ನೆ: ಬ್ಲೂಟೂತ್ ಹೆಡ್‌ಸೆಟ್ ನಡೆಯುತ್ತದೆಯೆ?

ಉತ್ತರ: ನಡೆಯುವುದಿಲ್ಲ. ಅದೊಂದೇ 100 ಮಿಲಿಸೆಕೆಂಡಿಗೂ ಹೆಚ್ಚು ತಡ ಸೇರಿಸಬಹುದು, ಮೈಕ್ ಆನ್ ಆದೊಡನೆ ದನಿಯ ಗುಣಮಟ್ಟವೂ ಬೀಳುತ್ತದೆ.

ಪ್ರಶ್ನೆ: ನಮ್ಮಲ್ಲೊಬ್ಬ ಈಗ ಇನ್ನೊಂದು ಖಂಡದಲ್ಲಿದ್ದಾನೆ. ಒಳ್ಳೆಯ ಉಪಕರಣ ಕೊಂಡರೆ ಅವನ ಜತೆ ಲೈವ್ ನುಡಿಸಬಹುದೆ?

ಉತ್ತರ: ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. 8,000 ಕಿಲೋಮೀಟರ್ ದೂರಕ್ಕೆ ಒಂದು ಕಡೆಗೇ 40 ಮಿಲಿಸೆಕೆಂಡ್ ಆಯಿತು, ಕೇಬಲ್ ಸುತ್ತಿ ಬಳಸಿ ಹೋಗುವುದರಿಂದ ನಿಜದಲ್ಲಿ ಇನ್ನೂ ಹೆಚ್ಚು. ಯಾವ ಉಪಕರಣವೂ ಇದನ್ನು ಇಳಿಸಲಾರದು.

ಆದರೆ ನಿನ್‌ಜ್ಯಾಮ್ ಎಂಬ ಉಚಿತ ತಂತ್ರಾಂಶವಿದೆ. ಅದು ತಡವನ್ನು ಕಡಿಮೆ ಮಾಡುವುದಿಲ್ಲ, ಒಂದು ಪೂರ್ತಿ ಆವರ್ತನಕ್ಕೆ ಹಿಗ್ಗಿಸುತ್ತದೆ. ನಿಮಿಷಕ್ಕೆ 120 ಬೀಟ್, 16 ಬೀಟಿನ ಆವರ್ತನ ಇಟ್ಟರೆ ಅವನು ನುಡಿಸಿದ್ದು ನಿಮಗೆ 8 ಸೆಕೆಂಡ್ ಕಳೆದು, ಮುಂದಿನ ಆವರ್ತನದ ಸಮಕ್ಕೆ ಸರಿಯಾಗಿ ಕೇಳುತ್ತದೆ. ಒಂದೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಸರಣಿ ಸುತ್ತುತ್ತಾ ಮನೋಧರ್ಮದಿಂದ ನುಡಿಸುವವರಿಗೆ ಇದು ನಿಜಕ್ಕೂ ಖುಷಿ ಕೊಡುತ್ತದೆ. ಪಲ್ಲವಿಯಿಂದ ಚರಣಕ್ಕೆ ಕಾರ್ಡ್ ಬದಲಾಗುವ ಹಾಡಿಗೆ ಹೊಂದುವುದಿಲ್ಲ. ಅಂಥ ಹಾಡನ್ನು ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿ ಜೋಡಿಸಿ.

ಪ್ರಶ್ನೆ: ಹಾಗೆಯೇ ಮಾಡುತ್ತಿದ್ದೇವೆ. ಲ್ಯಾಪ್‌ಟಾಪಿನಲ್ಲಿ ಗೈಡ್ ಟ್ರ್ಯಾಕ್ (ಎಲ್ಲರೂ ಅನುಸರಿಸಲು ಮೊದಲೇ ಮಾಡಿಟ್ಟ ರೆಕಾರ್ಡಿಂಗ್) ಕೇಳುತ್ತಾ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ನನಗೆ ಕಳಿಸುತ್ತಾರೆ. ಶುರುವಿಗೆ ಸರಿ ಹೊಂದಿಸಿದರೂ ಕೊನೆಯ ಚರಣಕ್ಕೆ ಬರುವಷ್ಟರಲ್ಲಿ ತಪ್ಪುತ್ತದೆ. ಯಾಕೆ?

ಉತ್ತರ: ವ್ಯತ್ಯಾಸ ಹೇಗೆ ಬೆಳೆಯುತ್ತದೆ ಎನ್ನುವುದನ್ನು ಮೊದಲು ನೋಡಿ. ಕೊನೆವರೆಗೂ ಒಂದೇ ಅಂತರವಿದ್ದರೆ ಟ್ರ್ಯಾಕನ್ನು ಸರಿಸಿದರಾಯಿತು. ಒಮ್ಮೆ ಮುಂದೆ ಒಮ್ಮೆ ಹಿಂದೆ ಹೋಗುತ್ತಿದ್ದರೆ ಅದು ನುಡಿಸಿದವರದ್ದು, ಆ ಭಾಗವನ್ನು ಮತ್ತೆ ನುಡಿಸಲು ಹೇಳಿ. ನಿಮಿಷ ನಿಮಿಷಕ್ಕೂ ಒಂದೇ ದಿಕ್ಕಿನಲ್ಲಿ ಬೆಳೆಯುತ್ತಿದ್ದರೆ ಅದು ಎರಡು ಸಾಧನಗಳ ಒಳಗಿನ ಗಡಿಯಾರಗಳ ವ್ಯತ್ಯಾಸ, ನಿಮ್ಮದು ಬಹುಶಃ ಇದೇ. ಲ್ಯಾಪ್‌ಟಾಪಿನ 48,000 ಮತ್ತು ಮೊಬೈಲಿನ 48,000 ಕರಾರುವಾಕ್ಕಾಗಿ ಒಂದೇ ಇರುವುದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ 5 ನಿಮಿಷದ ಹಾಡಿನಲ್ಲಿ 15 ಮಿಲಿಸೆಕೆಂಡ್ ಆಗುತ್ತದೆ.

ಪರಿಹಾರ ಸುಲಭ: ಗೈಡ್ ಕೇಳುವುದೂ ರೆಕಾರ್ಡ್ ಮಾಡುವುದೂ ಒಂದೇ ಸಾಧನದಲ್ಲಿ, ಒಂದೇ ಆ್ಯಪ್‌ನಲ್ಲಿ ನಡೆಯಲಿ. ಆಗ ಗಡಿಯಾರವೂ ಒಂದೇ. ಈಗಾಗಲೇ ಬಂದಿರುವ ಫೈಲುಗಳಿಗೆ ಅಡಾಸಿಟಿ ಎಂಬ ಉಚಿತ ಆಡಿಯೊ ತಂತ್ರಾಂಶದಲ್ಲಿ ‘ಚೇಂಜ್ ಸ್ಪೀಡ್ ಆ್ಯಂಡ್ ಪಿಚ್’ ಬಳಸಿ ಉದ್ದ ಸರಿಪಡಿಸಿ. ಇಷ್ಟು ಸಣ್ಣ ಬದಲಾವಣೆಗೆ ಶ್ರುತಿ ಕೆಟ್ಟದ್ದು ಕಿವಿಗೆ ತಿಳಿಯುವುದಿಲ್ಲ.

ಹೊಂದಿಸುವ ಗುರುತಿಗೆ ಚಪ್ಪಾಳೆ ತಟ್ಟಿಸುವವರುಂಟು. ಅದಕ್ಕಿಂತ ಖಚಿತವಾದ ದಾರಿ ಇದು. ಗೈಡಿನ ಆರಂಭದಲ್ಲಿ 4, ಹಾಡು ಮುಗಿದ ಮೇಲೆ 4 ಕ್ಲಿಕ್ ಇಡಿ. ರೆಕಾರ್ಡಿಂಗ್ ಶುರುವಾದ ಮೇಲೆ ಹೆಡ್‌ಫೋನಿನ ಒಂದು ಬದಿಯನ್ನು ಮೈಕಿಗೆ ತಾಗುವಷ್ಟು ಹತ್ತಿರ ಹಿಡಿದು ಆ ಕ್ಲಿಕ್‌ಗಳನ್ನು ಮೈಕಿಗೆ ಕೇಳಿಸಬೇಕು, ಆಮೇಲೆ ಕಿವಿಗೆ ಹಾಕಿಕೊಂಡು ನುಡಿಸಬೇಕು. ಮುಗಿದ ಮೇಲೆ ಮತ್ತೆ ಹಾಗೆಯೇ. ಅದಕ್ಕಾಗಿ ಕ್ಲಿಕ್‌ಗೂ ಹಾಡಿಗೂ ನಡುವೆ ನಾಲ್ಕೈದು ಸೆಕೆಂಡ್ ಬಿಡುವಿರಲಿ, ಎತ್ತುಗಡೆಗೆ ಮತ್ತೊಂದು ಎಣಿಕೆ ಕೊಡಿ. ನಿಮ್ಮ ಪರದೆಯ ಮೇಲೆ ಕ್ಲಿಕ್ಕಿನ ಚೂಪು ತುದಿಗಳನ್ನು ಒಂದರ ಕೆಳಗೊಂದು ಕೂರಿಸಿದರೆ ಆ ಸಾಧನದ ತಡವೆಲ್ಲ ತಾನೇ ಕಳೆದುಹೋಗುತ್ತದೆ.

ಫೈಲುಗಳು ದನಿಯನ್ನು ಕುಗ್ಗಿಸದ ವಾವ್ (WAV) ರೂಪದಲ್ಲೇ ಬರಲಿ, 48,000, 24 ಬಿಟ್, ಮೋನೊ. ನಿಮಿಷಕ್ಕೆ 9 ಎಂಬಿಗಿಂತ ಕಡಿಮೆ. ಎಂಪಿ3 ಮಾಡಿದರೆ ಆರಂಭದಲ್ಲಿ ಒಂದಿಷ್ಟು ಮೌನ ಸೇರಿಕೊಳ್ಳುತ್ತದೆ, ಒಂದೊಂದು ಆ್ಯಪ್‌ಗೆ ಒಂದೊಂದು ಅಳತೆ. ಯಾರದ್ದಾದರೂ ಟ್ರ್ಯಾಕ್ ಶ್ರುತಿಯಲ್ಲಿ ಒಂದೂವರೆ ಸೆಮಿಟೋನಿನಷ್ಟು ಏರಿ, 4 ನಿಮಿಷದ ಹಾಡು 3 ನಿಮಿಷ 40 ಸೆಕೆಂಡಿಗೇ ಮುಗಿದರೆ ಗಾಬರಿ ಬೇಡ. 44,100ರ ಫೈಲನ್ನು 48,000 ಎಂದು ಓದಲಾಗಿದೆ, ರೇಟ್ ಸರಿಪಡಿಸಿ.

ಪ್ರಶ್ನೆ: ಯಾರು ಮೊದಲು ರೆಕಾರ್ಡ್ ಮಾಡಬೇಕು?

ಉತ್ತರ: ಗೈಡಿನಲ್ಲಿ ಕ್ಲಿಕ್ ಜತೆ ಒಂದು ಗಿಟಾರ್ ಅಥವಾ ಕೀಬೋರ್ಡ್, ಒರಟಾಗಿ ಹಾಡಿದ ಪಲ್ಲವಿ-ಚರಣ ಇರಲಿ. ಬರೀ ಕ್ಲಿಕ್ ಕೇಳಿ ನುಡಿಸಿದ್ದಕ್ಕೆ ಜೀವ ಬರುವುದಿಲ್ಲ. ತಬಲಾ ಮೊದಲು, ಆಮೇಲೆ ಬೇಸ್, ಕಾರ್ಡ್‌ಗಳು, ಕೊನೆಗೆ ಹಾಡುಗಾರ. ಪ್ರತಿ ಸುತ್ತಿನಲ್ಲೂ ಹಿಂದಿನವರ ನಿಜವಾದ ಟ್ರ್ಯಾಕ್ ಸೇರಿಸಿ ಹೊಸ ಗೈಡ್ ಕಳಿಸಿ. ತಾಳವಿಲ್ಲದ ಆಲಾಪವಿದ್ದರೆ ಕ್ರಮ ತಲೆಕೆಳಗು: ಹಾಡುಗಾರ ಶ್ರುತಿಯೊಂದನ್ನೇ ಕೇಳುತ್ತಾ ಮೊದಲು ಹಾಡಲಿ, ಉಳಿದವರು ಅವರನ್ನು ಹಿಂಬಾಲಿಸಲಿ.

ಪ್ರಶ್ನೆ: ಮೊಬೈಲ್ ಮೈಕ್ ಸಾಕೆ? ಎಕೋ ಹಾಕಿ ಕಳಿಸಬಹುದೆ?

ಉತ್ತರ: ಕಲಿಯುವ ಹಂತಕ್ಕೆ ಮೊಬೈಲ್ ಸಾಕು, ಆದರೆ ದನಿಯನ್ನು ತಾನಾಗಿ ಏರಿಸಿ ಇಳಿಸುವ ಸೌಲಭ್ಯವನ್ನು ಆಫ್ ಮಾಡಬಲ್ಲ ಆ್ಯಪ್ ಬಳಸಿ. ಇಂಟರ್‌ಫೇಸ್ ಕೊಂಡರೆ, ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಬಟನ್ ಒತ್ತುವುದನ್ನು ಮರೆಯಬೇಡಿ. ಬಾಯಿಯಿಂದ ಮೈಕಿಗೆ ಒಂದು ಗೇಣು ದೂರ, ಅತಿ ಜೋರಾದ ಸಾಲಿನಲ್ಲೂ ಮೀಟರ್ ಮೈನಸ್ 6 ಡಿಬಿ ದಾಟದಿರಲಿ. ದನಿ ಚಿಕ್ಕದಾಗಿ ಬಂದರೆ ಏರಿಸಬಹುದು, ಒಡೆದದ್ದನ್ನು ಸರಿಮಾಡಲಾಗದು.

ಎಕೋ ಹಾಕಿ ಕಳಿಸಬೇಡಿ. ನಾಲ್ವರು ನಾಲ್ಕು ಬಗೆಯ ಎಕೋ ಹಾಕಿದರೆ ನಾಲ್ಕು ಕೋಣೆಗಳು ಕೇಳುತ್ತವೆ. ಬಟ್ಟೆ, ಪರದೆ, ಹಾಸಿಗೆ ಇರುವ ಕೋಣೆಯಲ್ಲಿ ಒಣ ದನಿ ರೆಕಾರ್ಡ್ ಮಾಡಿ. ಜೋಡಿಸುವವರು ಹಾಡುಗಾರನ ಟ್ರ್ಯಾಕಿನಲ್ಲಿ 80 ಹರ್ಟ್ಸ್ ಕೆಳಗಿನ ಗುಡುಗು ಕತ್ತರಿಸಿ, ಒಂದೇ ರಿವರ್ಬ್ (ಕೋಣೆಯ ಅನುರಣನ ಕೊಡುವ) ಚಾನೆಲ್ ಮಾಡಿ, ಎಲ್ಲರ ಟ್ರ್ಯಾಕಿನಿಂದಲೂ ಬೇಕಾದಷ್ಟನ್ನು ಅದಕ್ಕೆ ಕಳಿಸಲಿ. ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ನುಡಿಸಿದಂತೆ ಕೇಳುವುದು ಆಗಲೇ.